ಅಂಕಣದ ಹೊರಗೆ ಕೂರುವ ಹೊತ್ತು: ಕಬಡ್ಡಿ, ತಲೆಯ ಪೆಟ್ಟು ಮತ್ತು ನಮ್ಮ ಕರಾವಳಿ



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯವೋ ಇತಿಹಾಸವೋ ಇರಬೇಕೆಂದು ನಿರೀಕ್ಷಿಸುವವರು ಈ ಸಭೆಯಲ್ಲಿದ್ದಾರೆ. ನಾನು ನರರೋಗಗಳ ವೈದ್ಯ, ಹಾಗಾಗಿ ನನಗೆ ಗೊತ್ತಿರುವುದನ್ನೇ ಮಾತಾಡುತ್ತೇನೆ. ಈ ದತ್ತಿಯನ್ನು ಇಟ್ಟ ಹಿರಿಯರು ಕಬಡ್ಡಿಯನ್ನು ಪ್ರೀತಿಸಿದವರು ಎಂದು ಕೇಳಿದ ಮೇಲೆ ವಿಷಯ ಹುಡುಕುವ ಕಷ್ಟ ನನಗೆ ಉಳಿಯಲಿಲ್ಲ. ಕಬಡ್ಡಿ ನನಗೂ ಪ್ರೀತಿಯ ಆಟ. ಆ ಪ್ರೀತಿಯಿಂದಲೇ ಇಂದು ಅದರ ಒಂದು ನೋವಿನ ಬಗ್ಗೆ, ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಮಾತಾಡಬೇಕೆಂದಿದ್ದೇನೆ.

ಮಳೆ ನಿಂತು ಕಟಾವು ಮುಗಿಯುತ್ತಿದ್ದ ಹಾಗೆ ಕಾಪುವಿನಿಂದ ಕಾರ್ಕಳದವರೆಗೆ ಊರೂರಿನಲ್ಲಿ ಬ್ಯಾನರ್ ಏಳುವುದನ್ನು ನೀವೆಲ್ಲ ನೋಡಿದ್ದೀರಿ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ಮ್ಯಾಟ್ ಅಂಕಣ, ಇಷ್ಟು ಕೆಜಿ ವಿಭಾಗ, ಪ್ರಥಮ ಬಹುಮಾನ ಇಷ್ಟು ನಗದು ಮತ್ತು ಶಾಶ್ವತ ಫಲಕ, ಜೊತೆಗೆ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಯುವಕ ಮಂಡಲಗಳು ಒಂದು ರಾತ್ರಿಗಾಗಿ ತಿಂಗಳುಗಟ್ಟಲೆ ದುಡಿಯುತ್ತವೆ. ಮುಂಬಯಿಯಲ್ಲಿರುವವರು ಹಣ ಕಳಿಸುತ್ತಾರೆ, ಗಲ್ಫಿನಲ್ಲಿರುವವರು ಫೋನಿನಲ್ಲಿ ನೇರ ಪ್ರಸಾರ ನೋಡುತ್ತಾರೆ. ಈ ಅಂಕಣಗಳಿಂದ ಎದ್ದವರು ಸಾಮಾನ್ಯರಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದರು, ದೇಶದ ತಂಡವನ್ನು ಮುನ್ನಡೆಸಿದರು, ಅರ್ಜುನ ಪ್ರಶಸ್ತಿ ಪಡೆದರು. ಕಾರ್ಕಳದವರೇ ಆದ ಸುಕೇಶ್ ಹೆಗ್ಡೆ 2017ರಲ್ಲಿ ಪ್ರೊ ಕಬಡ್ಡಿಯ ಗುಜರಾತ್ ತಂಡವನ್ನು ಅದರ ಮೊದಲ ವರ್ಷದಲ್ಲೇ ಫೈನಲ್‌ವರೆಗೆ ಒಯ್ದರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಹುಡುಗರಿಗೆ ಈ ಆಟ ಬದುಕಿನ ದಾರಿಯಾಗಿಯೂ ಕಾಣತೊಡಗಿದೆ. ರೈಲ್ವೆ, ಬ್ಯಾಂಕು, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ಉದ್ಯೋಗ ಎಷ್ಟೋ ಮನೆಗಳ ಒಲೆ ಉರಿಸಿದೆ. ಆದ್ದರಿಂದ ಈ ಆಟ ಬೇಡ ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ, ಹಾಗೆ ಹೇಳುವವರ ಜೊತೆ ನಾನು ನಿಲ್ಲುವುದೂ ಇಲ್ಲ.

ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬೀಳುವ ಬಗೆಗಳನ್ನು ಆಟಗಾರರು ನನಗಿಂತ ಚೆನ್ನಾಗಿ ಬಲ್ಲರು. ಮೂಲೆಯ ಹಿಡಿತಗಾರ ಪಾದದ ಗಂಟಿಗೆ ಹಾರುತ್ತಾನೆ. ಆಗ ಅವನ ತಲೆ ದಾಳಿಗಾರನ ಮೊಣಕಾಲಿನ ಎತ್ತರದಲ್ಲಿರುತ್ತದೆ. ದಾಳಿಗಾರ ಕಾಲು ಬಿಡಿಸಿಕೊಳ್ಳಲು ಒದೆಯುತ್ತಾನೆ, ಮೊಣಕಾಲೋ ಶೂಸಿನ ಹಿಮ್ಮಡಿಯೋ ಕೆನ್ನೆಯ ಮೇಲ್ಗಡೆ, ಕಿವಿಯ ಮುಂದೆ ಬಡಿಯುತ್ತದೆ. ಇನ್ನೊಂದು ಡ್ಯಾಶ್. ಕವರ್‌ನಲ್ಲಿರುವವನು ಓಡಿ ಬಂದು ಭುಜದಿಂದ ಗುದ್ದಿ ದಾಳಿಗಾರನನ್ನು ಗೆರೆಯಾಚೆ ತಳ್ಳುತ್ತಾನೆ. ಎದುರು ಕಡೆಯಿಂದ ಇನ್ನೊಬ್ಬನೂ ಅದೇ ಕ್ಷಣಕ್ಕೆ ಬಂದನೆಂದರೆ ತಲೆಗೆ ತಲೆ ಬಡಿಯುತ್ತದೆ, ಮತ್ತು ಆ ಇಬ್ಬರೂ ಒಂದೇ ತಂಡದವರು. ಮೂರನೆಯದು ಸರಪಳಿ ಹಿಡಿತದಡಿ ನಾಲ್ಕೈದು ಜನರ ಭಾರ ಮೈಮೇಲೆ ಬಿದ್ದು ತಲೆಯ ಹಿಂಭಾಗ ನೆಲಕ್ಕೆ ತಾಗುವುದು. ಮಣ್ಣಿನ ಅಂಕಣದಿಂದ ಮ್ಯಾಟಿಗೆ ಬಂದದ್ದರಿಂದ ಈ ಮೂರನೆಯ ಪೆಟ್ಟು ತುಸು ಮೆತ್ತಗಾಗಿದೆ, ಮೈ ತರಚುವುದೂ ಕಡಿಮೆಯಾಗಿದೆ. ಮೊದಲ ಎರಡಕ್ಕೆ ಮ್ಯಾಟಿನಿಂದ ಯಾವ ಉಪಕಾರವೂ ಇಲ್ಲ. ಶೂಸು ಹಾಕಿ ಮ್ಯಾಟಿನ ಮೇಲೆ ಓಡುವವನ ಕಾಲಿಗೆ ಹಿಡಿತ ಹೆಚ್ಚು, ವೇಗವೂ ಹೆಚ್ಚು, ಹಾಗಾಗಿ ಡಿಕ್ಕಿಯ ಬಲವೂ ಏರುತ್ತದೆ.

ಪೆಟ್ಟು ಬಿದ್ದ ಮೇಲೆ ನಡೆಯುವುದೂ ನಿಮಗೆ ಗೊತ್ತಿದ್ದದ್ದೇ. ಹುಡುಗ ಒಂದು ಕ್ಷಣ ಮಲಗಿಯೇ ಇರುತ್ತಾನೆ. ವೀಕ್ಷಕ ವಿವರಣೆಗಾರ ದನಿ ತಗ್ಗಿಸುತ್ತಾನೆ. ಯಾರೋ ಮುಖಕ್ಕೆ ನೀರು ಹಾಕುತ್ತಾರೆ, ಯಾರೋ ಹಣೆಗೆ ಐಸ್ ಇಡುತ್ತಾರೆ, ಸ್ಪ್ರೇ ಹೊಡೆಯುತ್ತಾರೆ. ಎದ್ದು ಕೂರುತ್ತಾನೆ. ತುಳುವಿನಲ್ಲಿ ಎಂಚ ಉಂಡು, ಹೇಗಿದೆ ಎಂದು ಕೇಳಿದರೆ ದಾಲ ಇಜ್ಜಿ, ಏನೂ ಇಲ್ಲ ಎನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ, ಆಟ ಮುಂದುವರಿಯುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜಕ್ಕೂ ಏನೂ ಆಗಿಲ್ಲ ಎಂದೇ ಅನಿಸಿರಬಹುದು. ತನ್ನೊಳಗೆ ಏನಾಗಿದೆ ಎಂದು ಹೇಳಬೇಕಾದದ್ದು ಮಿದುಳು, ಪೆಟ್ಟು ಬಿದ್ದಿರುವುದೂ ಅದಕ್ಕೇ. ಅವನ ಉತ್ತರವನ್ನು ನಂಬಿ ಆಡಿಸುವುದು ಸರಿಯಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಒಳಗೆ ಆಗುವುದೇನು? ಬಲಿತು ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಗಿಟುಕು ಬಡಿಯುವುದು ಕೇಳುತ್ತದೆ, ಚಿಪ್ಪಿಗೆ ಒಂದು ಗೀರೂ ಬಿದ್ದಿರುವುದಿಲ್ಲ. ಮಿದುಳು ಗಿಟುಕಿನಷ್ಟು ಗಟ್ಟಿಯಲ್ಲ. ಸುಮಾರು 1,400 ಗ್ರಾಂ ತೂಕದ ಆ ಮೃದು ಅಂಗ ತೆಳುವಾದ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಹಠಾತ್ತನೆ ತಿರುಗಿದಾಗ ಅದು ತಲೆಬುರುಡೆಯಷ್ಟೇ ವೇಗದಲ್ಲಿ ತಿರುಗಲಾರದೆ ಒಳಗೊಳಗೇ ತಿರುಚಿಕೊಳ್ಳುತ್ತದೆ. ಕೋಟಿಗಟ್ಟಲೆ ನರತಂತುಗಳು ಎಳೆದಂತಾಗುತ್ತವೆ. ಜೀವಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಸರಿಪಡಿಸಲು ಜೀವಕೋಶಕ್ಕೆ ಎಂದಿಗಿಂತ ಹೆಚ್ಚು ಗ್ಲೂಕೋಸ್ ಬೇಕು, ಆದರೆ ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಹರಿವು ತಗ್ಗಿರುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ ಎಂಬ ಈ ಸ್ಥಿತಿ ಗಂಟೆಗಳಲ್ಲ, ದಿನಗಳ ಕಾಲ ಇರುತ್ತದೆ. ಇದನ್ನೇ ನಾವು ಕನ್‌ಕಷನ್ ಎನ್ನುವುದು. ಸಿ.ಟಿ. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು, ಮೂಳೆ ಬಿರುಕನ್ನು. ಸ್ಕ್ಯಾನ್ ನಾರ್ಮಲ್ ಬಂತು, ಇನ್ನು ನಾಡಿದ್ದಿನ ಪಂದ್ಯ ಆಡಬಹುದಲ್ಲ ಡಾಕ್ಟ್ರೇ ಎಂದು ಕೇಳುವ ತಂದೆ ತಾಯಿಯರಿಗೆ ನಾನು ಇದನ್ನು ಎಷ್ಟು ಸಲ ಹೇಳಿದರೂ ಬೇಸರಪಡುವುದಿಲ್ಲ.

ಪ್ರಜ್ಞೆ ತಪ್ಪಿದರೆ ಮಾತ್ರ ತಲೆಯ ಪೆಟ್ಟು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಆಟದಲ್ಲಾಗುವ ಕನ್‌ಕಷನ್‌ಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಪ್ರಜ್ಞೆ ತಪ್ಪದೆಯೇ ಆಗುವಂಥವು. ತಲೆ ಗಿರ್ರೆನ್ನುವುದು, ಕಣ್ಣು ಮಂಜಾಗುವುದು, ಬೆಳಕು ಚುಚ್ಚುವುದು, ಹೊಟ್ಟೆ ತೊಳಸುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಕ್ಷಣಕಾಲ ತಬ್ಬಿಬ್ಬಾಗುವುದು. ಇವುಗಳಲ್ಲಿ ಒಂದಿದ್ದರೂ ಸಾಕು. ಸಮಾಧಾನದ ಸಂಗತಿಯೆಂದರೆ, ಸರಿಯಾಗಿ ವಿಶ್ರಾಂತಿ ಪಡೆದರೆ ಹೆಚ್ಚಿನ ವಯಸ್ಕರು ಎರಡು ವಾರದೊಳಗೆ, ಮಕ್ಕಳು ಸುಮಾರು ನಾಲ್ಕು ವಾರದೊಳಗೆ ಸಂಪೂರ್ಣ ಚೇತರಿಸಿಕೊಳ್ಳುತ್ತಾರೆ. ಕನ್‌ಕಷನ್ ಆದವರೆಲ್ಲ ಬದುಕಿಡೀ ನರಳುತ್ತಾರೆಂದು ಹೆದರಿಸುವುದು ವೈದ್ಯನಾದವನು ಮಾಡುವ ಕೆಲಸವಲ್ಲ.

ಹೆದರಬೇಕಾದದ್ದು ಎರಡಕ್ಕೆ. ಮೊದಲನೆಯದು ನಿಧಾನವಾಗಿ ಸೋರುವ ರಕ್ತ. ಕಿವಿಯ ಮುಂದೆ, ಕಣ್ಣಿನ ಹಿಂದೆ ತಲೆಬುರುಡೆ ತೀರಾ ತೆಳು, ಅದರ ಒಳಗೋಡೆಗೆ ಅಂಟಿಕೊಂಡು ಒಂದು ರಕ್ತನಾಳ ಹಾದುಹೋಗುತ್ತದೆ. ಅದು ಹರಿದರೆ ಹುಡುಗ ಸ್ವಲ್ಪ ಹೊತ್ತು ಚೆನ್ನಾಗಿಯೇ ಮಾತಾಡುತ್ತಾನೆ, ನಡೆಯುತ್ತಾನೆ, ಆಮೇಲೆ ಕುಸಿಯುತ್ತಾನೆ. ನಾಳ ಬೇರೆ ಇರಬಹುದು, ಮೋಸ ಮಾತ್ರ ಇದೇ. ಕ್ರಿಕೆಟಿಗ ರಮಣ್ ಲಾಂಬಾ 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದಾಗ ಚೆಂಡು ತಲೆಗೆ ಬಡಿಯಿತು. ಅವರು ತಾವೇ ಎದ್ದು ನಡೆದುಕೊಂಡು ಡ್ರೆಸಿಂಗ್ ರೂಮಿಗೆ ಹೋದರು. ಆಮೇಲೆ ಪ್ರಜ್ಞೆ ತಪ್ಪಿದವರು ಮತ್ತೆ ಏಳಲಿಲ್ಲ, ಮೂರನೆಯ ದಿನ ತೀರಿಕೊಂಡರು. ನಮ್ಮ ರಾಜ್ಯದ್ದೇ ಒಂದು ಸಾವನ್ನು ಇಲ್ಲಿ ನೆನೆಯಬೇಕು. 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ ಇಪ್ಪತ್ತರ ಹರೆಯದ ಒಬ್ಬ ಹುಡುಗ ತಲೆಗೆ ಪೆಟ್ಟು ತಿಂದು ರಿಂಗಿನಲ್ಲೇ ಬಿದ್ದ, ಕೆಲವೇ ದಿನಗಳಲ್ಲಿ ತೀರಿಹೋದ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬದವರು ಪೊಲೀಸರಿಗೆ ದೂರು ಕೊಟ್ಟರು. ಬಹುಮಾನ ಗೆದ್ದು ಬರುತ್ತೇನೆಂದು ಹೊರಟ ಮಗನನ್ನು ಹಾಗೆ ಮನೆಗೆ ತಂದ ಆ ತಂದೆ ತಾಯಿಯ ಸಂಕಟಕ್ಕೆ ನನ್ನಲ್ಲಿ ಮಾತಿಲ್ಲ. ತಲೆನೋವು ಏರುತ್ತಾ ಹೋದರೆ, ವಾಂತಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಒಂದು ಕೈ ಅಥವಾ ಕಾಲು ಸೋತರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಒಂದು ನಿಮಿಷವೂ ಕಾಯಬೇಡಿ. ಕಾಪುವಿನಿಂದಾಗಲಿ ಕಾರ್ಕಳದಿಂದಾಗಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಒಂದು ಗಂಟೆಯೊಳಗಿನ ದಾರಿ. ಅಲ್ಲಿ ನರಶಸ್ತ್ರ ವಿಭಾಗವಿದೆ. ದೇಶದ ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಭಾಗ್ಯ ಇದು. ಇಷ್ಟು ಹತ್ತಿರ ಆಸ್ಪತ್ರೆ ಇಟ್ಟುಕೊಂಡು ತಡ ಮಾಡಿದೆವೆಂದರೆ ತಪ್ಪು ನಮ್ಮದೇ.

ಎರಡನೆಯ ಭಯ, ಮೊದಲ ಪೆಟ್ಟು ಮಾಯುವ ಮೊದಲೇ ಬೀಳುವ ಎರಡನೆಯ ಪೆಟ್ಟು. 2011ರಲ್ಲಿ ಉತ್ತರ ಐರ್ಲೆಂಡಿನ ಒಂದು ಶಾಲಾ ರಗ್ಬಿ ಪಂದ್ಯದಲ್ಲಿ 14 ವರ್ಷದ ಹುಡುಗನೊಬ್ಬ ಪೆಟ್ಟು ತಿಂದ ಮೇಲೂ ಆಡುತ್ತಲೇ ಇದ್ದ, ಪಂದ್ಯ ಮುಗಿಯುವ ಹೊತ್ತಿಗೆ ಕುಸಿದುಬಿದ್ದ, ಉಳಿಯಲಿಲ್ಲ. ಎರಡನೆಯ ಆಘಾತವೇ ಕಾರಣವೆಂದು 2013ರ ಮರಣ ವಿಚಾರಣೆ ತೀರ್ಮಾನಿಸಿತು. ದಣಿದ ಮಿದುಳು ತನ್ನ ರಕ್ತದ ಹರಿವನ್ನು ಹತೋಟಿಯಲ್ಲಿಡಲಾರದೆ ಊದಿಕೊಳ್ಳುತ್ತದೆ. ಇದು ತೀರಾ ಅಪರೂಪ, ಆದರೆ ಆಗುವುದು ಹೆಚ್ಚಾಗಿ ಹದಿಹರೆಯದವರಲ್ಲಿ. ಪ್ರಾಣಕ್ಕೆ ಅಪಾಯ ಬರದಿದ್ದರೂ, ಕನ್‌ಕಷನ್ ಆದ ಮೇಲೂ ಆಡಿದವನ ಚೇತರಿಕೆ ತಕ್ಷಣ ಹೊರಬಂದವನಿಗಿಂತ ಬಹಳ ತಡವಾಗುತ್ತದೆ.

ಈಗ ಕಬಡ್ಡಿಯನ್ನೇ ಮತ್ತೊಮ್ಮೆ ನೋಡಿ. ಬೇರೆ ಆಟಗಳು ಪೆಟ್ಟು ತಿಂದವನನ್ನು ಹೊರಗೆ ಕರೆದು ಪರೀಕ್ಷಿಸಲು ನಿಯಮಗಳನ್ನೇ ತಿದ್ದಬೇಕಾಯಿತು. ಟೆಸ್ಟ್ ಕ್ರಿಕೆಟ್‌ನಲ್ಲಿ ಬದಲಿ ಆಟಗಾರ ಬ್ಯಾಟ್ ಹಿಡಿಯುವಂತಿರಲಿಲ್ಲ. ಆ ನಿಯಮ ಬದಲಾದದ್ದು 2019ರ ಆಗಸ್ಟಿನಲ್ಲಿ, ಮತ್ತು ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲು ಮಾರ್ನಸ್ ಲಬುಶೇನ್ ಆಡಿದರು. ಫುಟ್‌ಬಾಲ್ ಕನ್‌ಕಷನ್‌ಗೆಂದೇ ಹೆಚ್ಚುವರಿ ಬದಲಿಯನ್ನು 2021ರಿಂದ ಪ್ರಯೋಗ ಮಾಡಿ ನೋಡಿತು. ಕಬಡ್ಡಿಗೆ ಇವ್ಯಾವುದೂ ಬೇಕಿಲ್ಲ. ಏಳು ಜನ ಅಂಕಣದಲ್ಲಿ, ಉಳಿದವರು ಬದಲಿಗೆ ಸಿದ್ಧ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಿಡಿತಕ್ಕೆ ಸಿಕ್ಕಿದ ದಾಳಿಗಾರ ಔಟು. ಕಾಲು ಹಿಡಿಯಲು ಹೋಗಿ ಒದೆ ತಿಂದ ಹಿಡಿತಗಾರನ ಕೈಯಿಂದ ದಾಳಿಗಾರ ಬಿಡಿಸಿಕೊಂಡು ಹೋದರೆ ಹಿಡಿತಗಾರ ಔಟು. ಅಂದರೆ ಜೋರಾದ ಪೆಟ್ಟು ಬೀಳುವ ಗಳಿಗೆಯಲ್ಲೇ ಇಬ್ಬರಲ್ಲಿ ಒಬ್ಬ ಎದ್ದು ಹೊರಗೆ ಬಂದು, ತನ್ನ ತಂಡದ ಸರದಿಯಲ್ಲಿ ಜೀವ ಬರುವ ತನಕ ಕೂರುತ್ತಾನೆ. ಜಗತ್ತಿನ ಬೇರಾವ ಮೈತಾಗುವ ಆಟವೂ ಈ ಸೌಕರ್ಯವನ್ನು ತನ್ನ ನಿಯಮದೊಳಗೇ ಇಟ್ಟುಕೊಂಡು ಹುಟ್ಟಿದ್ದನ್ನು ನಾನು ಕಾಣೆ. ಅವನು ಅಲ್ಲಿ ಕುಳಿತ ಹೊತ್ತಿನಲ್ಲಿ ಯಾರೂ ಅವನ ಮುಖ ನೋಡುವುದಿಲ್ಲ. ಎಲ್ಲರ ಕಣ್ಣು ಅಂಕಣದ ಮೇಲೆ. ಜೀವ ಬಂತು ಎಂದ ಕೂಡಲೇ ಎದ್ದು ಒಳಗೆ ಓಡುತ್ತಾನೆ.

ಆ ಹೊತ್ತನ್ನು ಬಳಸಿಕೊಳ್ಳಿ ಎಂದು ಕೇಳಲು ನಾನು ಬಂದಿದ್ದೇನೆ. ಇದಕ್ಕೆ ಯಂತ್ರ ಬೇಡ. 1990ರ ದಶಕದಲ್ಲಿ ಆಸ್ಟ್ರೇಲಿಯದ ಡೇವಿಡ್ ಮ್ಯಾಡಕ್ಸ್ ಮತ್ತು ಸಂಗಡಿಗರು ಒಂದು ವಿಷಯ ಗಮನಿಸಿದರು. ಹೆಸರು, ಹುಟ್ಟಿದ ದಿನ ಕೇಳಿದರೆ ಪೆಟ್ಟು ತಿಂದವನೂ ಸರಿಯಾಗಿ ಹೇಳುತ್ತಾನೆ, ತಪ್ಪುವುದು ಈಗಷ್ಟೇ ನಡೆದದ್ದನ್ನು ಕೇಳಿದಾಗ. ಅವರ ಪ್ರಶ್ನೆಗಳನ್ನು ನಮ್ಮ ಅಂಕಣಕ್ಕೆ ಹೊಂದಿಸುವುದು ಸುಲಭ. ನಾವೀಗ ಯಾವ ಊರಿನಲ್ಲಿ ಆಡುತ್ತಿದ್ದೇವೆ? ಇದು ಮೊದಲಾರ್ಧವೋ ದ್ವಿತೀಯಾರ್ಧವೋ? ಕೊನೆಯ ಅಂಕ ಯಾರು ತಂದದ್ದು? ಹಿಂದಿನ ಪಂದ್ಯ ಯಾರ ಮೇಲೆ ಆಡಿದ್ದು? ಗೆದ್ದೆವೋ ಸೋತೆವೋ? ಒಂದಕ್ಕೆ ತಡವರಿಸಿದರೂ, ನಡೆದಾಗ ವಾಲಿದರೂ, ಕಣ್ಣು ಎಲ್ಲೋ ಇದ್ದರೂ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಎಲ್ಲಕ್ಕೂ ಸರಿಯುತ್ತರ ಕೊಟ್ಟು ತಲೆನೋವು ಎಂದರೂ ಅಷ್ಟೇ. ಅನುಮಾನ ಒಂದಿದ್ದರೆ ಸಾಕು, ವೈದ್ಯರು ನೋಡುವ ತನಕ ಒಳಗೆ ಬಿಡುವಂತಿಲ್ಲ. 2022ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಒಮ್ಮತವೂ ಇದೇ. ಕನ್‌ಕಷನ್ ಆದ ದಿನ ಮತ್ತೆ ಆಡುವಂತಿಲ್ಲ, ಒಂದೆರಡು ದಿನ ಬಿಡುವು, ಆಮೇಲೆ ನಡಿಗೆ, ಓಟ, ಮೈತಾಗದ ಅಭ್ಯಾಸ, ವೈದ್ಯರ ಒಪ್ಪಿಗೆ, ಆ ಮೇಲಷ್ಟೇ ಹಿಡಿತ ಮತ್ತು ಪಂದ್ಯ. ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ಹಿಂದೆ ಹೇಳುತ್ತಿದ್ದಂತೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದನ್ನು ಈಗ ಯಾರೂ ಹೇಳುವುದಿಲ್ಲ.

ತೀರ್ಮಾನವನ್ನು ಆಟಗಾರನ ಮೇಲೆ ಹೊರಿಸಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅವನಿಗೆ ಭಯ. ಆ ಭಯ ಬರಿಯ ಕಲ್ಪನೆಯೂ ಅಲ್ಲ. 2021ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಭಾರತ ಕ್ರಿಕೆಟ್ ತಂಡದ ಅಭ್ಯಾಸದ ವೇಳೆ ಬೌಲರ್ ಸಿರಾಜ್ ಎಸೆದ ಚೆಂಡು ನಮ್ಮ ಕರ್ನಾಟಕದ ಮಯಾಂಕ್ ಅಗರ್‌ವಾಲ್ ಅವರ ಹೆಲ್ಮೆಟ್ಟಿಗೆ ಬಡಿಯಿತು. ಕನ್‌ಕಷನ್ ಎಂದು ವೈದ್ಯರು ಹೇಳಿದರು, ಮೊದಲ ಟೆಸ್ಟಿನಿಂದ ಅವರನ್ನು ಹೊರಗಿಟ್ಟರು. ಆ ಜಾಗದಲ್ಲಿ ಇನಿಂಗ್ಸ್ ಆರಂಭಿಸಿದ್ದು ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್. ಅವರು ಅಲ್ಲಿ 84, ಮುಂದಿನ ಲಾರ್ಡ್ಸ್ ಪಂದ್ಯದಲ್ಲಿ 129 ರನ್ ಹೊಡೆದರು. ಮಯಾಂಕ್‌ಗೆ ಆ ಸರಣಿಯಲ್ಲಿ ಜಾಗ ಮತ್ತೆ ಸಿಗಲಿಲ್ಲ. ಅಂದರೆ ಹೊರಗೆ ಕೂತವನು ಕಳೆದುಕೊಳ್ಳುವುದು ನಿಜ. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ವಾಂಖೆಡೆಯಲ್ಲಿ ನ್ಯೂಜಿಲೆಂಡ್ ಮೇಲೆ ಮಯಾಂಕ್ 150 ಮತ್ತು 62 ರನ್ ಹೊಡೆದು ಪಂದ್ಯಶ್ರೇಷ್ಠರಾದರು. ಮಿದುಳು ಗುಣವಾಗಿತ್ತು, ಆಟ ಉಳಿದಿತ್ತು. ಆಗಸ್ಟಿನ ನಿರ್ಧಾರವನ್ನು ಅವರಿಗೇ ಬಿಟ್ಟಿದ್ದರೆ ಏನೆನ್ನುತ್ತಿದ್ದರೋ, ಟೆಸ್ಟ್ ಕ್ಯಾಪಿಗಾಗಿ ವರ್ಷಗಟ್ಟಲೆ ಕಾದ ಯಾವ ಆಟಗಾರನೂ ಸುಲಭವಾಗಿ ನಾನು ಆಡಲಾರೆ ಎನ್ನುವುದಿಲ್ಲ. ಊರಿನ ತಂಡದ ಹುಡುಗನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅವನಿಗೆ ವೈದ್ಯರಿಲ್ಲ, ಸಂಬಳವಿಲ್ಲ, ಮುಂದಿನ ವಾರ ಇನ್ನೊಂದು ತಂಡ ಕರೆಯುತ್ತದೆಂಬ ಆಸೆ ಮಾತ್ರ ಇದೆ. ಅವನ ಪರವಾಗಿ ಬೇಡ ಎನ್ನುವವರು ಬೇರೆಯವರೇ ಆಗಬೇಕು, ಅವರ ಮಾತಿಗೆ ತೀರ್ಪುಗಾರರೂ ತಂಡದ ಮಾಲಕರೂ ತಲೆಬಾಗಬೇಕು.

ಇನ್ನು ದೀರ್ಘಕಾಲದ ಹಾನಿ. 1928ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್, ಬಾಕ್ಸರ್‌ಗಳು ವರ್ಷಗಳ ನಂತರ ಕುಡಿದವರಂತೆ ತೊದಲಿ ತೂರಾಡುವುದನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಅಖಾಡದ ಜನರಿಗೆ ಅದು ಮೊದಲೇ ಗೊತ್ತಿತ್ತು. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ 15 ನಿವೃತ್ತ ಬಾಕ್ಸರ್‌ಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿ ಒಳಗಿನ ಸವೆತವನ್ನು ತೋರಿಸಿದರು. ಇದು ಬಾಕ್ಸಿಂಗಿನ ಕಾಯಿಲೆ ಎಂದೇ ಲೋಕ ಸುಮ್ಮನಿತ್ತು. 2002ರಲ್ಲಿ ಅಮೆರಿಕನ್ ಫುಟ್‌ಬಾಲಿನ ಹಳೆಯ ಹುಲಿ ಮೈಕ್ ವೆಬ್‌ಸ್ಟರ್ 50ನೆಯ ವಯಸ್ಸಿಗೆ ಮತಿಗೆಟ್ಟ ಸ್ಥಿತಿಯಲ್ಲಿ ತೀರಿಕೊಂಡಾಗ, ನೈಜೀರಿಯದಿಂದ ಬಂದಿದ್ದ ಪಿಟ್ಸ್‌ಬರ್ಗಿನ ರೋಗಶಾಸ್ತ್ರಜ್ಞ ಬೆನೆಟ್ ಒಮಾಲು ವೆಬ್‌ಸ್ಟರ್ ಅವರ ಮಿದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಟಾವ್ ಎಂಬ ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಂಡಿತ್ತು. 2005ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳುವಂತೆ ಆ ಆಟದ ಲೀಗಿನ ವೈದ್ಯರು ಒತ್ತಾಯಿಸಿದರು, ಒಮಾಲು ಬಗ್ಗಲಿಲ್ಲ. ಹೊರನಾಡಿನಿಂದ ಬಂದ ಒಬ್ಬ ವೈದ್ಯ ಅಷ್ಟು ಶ್ರೀಮಂತ ವ್ಯವಸ್ಥೆಯ ಎದುರು ನಿಂತದ್ದನ್ನು ನೆನೆದಾಗಲೆಲ್ಲ ನನಗೆ ನನ್ನ ವೃತ್ತಿಯ ಬಗ್ಗೆ ಹೆಮ್ಮೆ ಅನಿಸುತ್ತದೆ. 2017ರಲ್ಲಿ ಬಾಸ್ಟನ್ನಿನ ಆನ್ ಮೆಕೀ ಅವರ ತಂಡ ಪರೀಕ್ಷಿಸಿದ 111 ವೃತ್ತಿಪರ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಈ ಕಾಯಿಲೆ ಕಂಡಿತು. ಆ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಮೊದಲೇ ಲಕ್ಷಣಗಳಿದ್ದವರ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದವು. ಆಡಿದವರೆಲ್ಲರ ಲೆಕ್ಕ ಅದಲ್ಲ.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು 2019ರ ಗ್ಲಾಸ್ಗೋ ಅಧ್ಯಯನ. ವಿಲ್ಲಿ ಸ್ಟೂವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ ಮರಣದ ದಾಖಲೆಗಳನ್ನು ಸಾಮಾನ್ಯ ಜನರೊಡನೆ ಹೋಲಿಸಿದರು. ಮರೆವಿನ ಕಾಯಿಲೆಯಂಥ ಮಿದುಳು ಸವೆಯುವ ರೋಗಗಳಿಂದ ಸತ್ತವರು ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು. ಹೃದಯದ ಕಾಯಿಲೆಯಿಂದ, ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಮಾತ್ರ ಕಡಿಮೆ. ಆಟ ದೇಹಕ್ಕೆ ಒಳ್ಳೆಯದನ್ನೇ ಮಾಡಿತ್ತು, ತಲೆಯ ಲೆಕ್ಕ ಬೇರೆಯಾಗಿತ್ತು. ಮುಂದೆ 2021ರಲ್ಲಿ ಆಡುವ ಜಾಗದ ಪ್ರಕಾರ ವಿಂಗಡಿಸಿದಾಗ, ಚೆಂಡಿಗೆ ಹೆಚ್ಚು ತಲೆಕೊಡುವ ರಕ್ಷಣಾ ಆಟಗಾರರಲ್ಲಿ ಅಪಾಯ ಅತಿ ಹೆಚ್ಚು, ತಲೆಕೊಡದ ಗೋಲ್‌ಕೀಪರ್‌ಗಳಲ್ಲಿ ಸಾಮಾನ್ಯ ಜನರಷ್ಟೇ ಇತ್ತು. ಪ್ರಜ್ಞೆ ತಪ್ಪಿಸಿದ ಒಂದೆರಡು ದೊಡ್ಡ ಪೆಟ್ಟುಗಳಿಗಿಂತ, ಯಾರೂ ಎಣಿಸದ ಸಣ್ಣ ಪೆಟ್ಟುಗಳ ವರ್ಷಗಳೇ ಹೆಚ್ಚು ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಇದು ಸೂಚಿಸುತ್ತದೆ. ಕಬಡ್ಡಿ ಫುಟ್‌ಬಾಲ್ ಅಲ್ಲ, ಬಾಕ್ಸಿಂಗ್ ಅಲ್ಲ. ಅಲ್ಲಿನ ಅಂಕಿಯನ್ನು ತಂದು ನಮ್ಮ ಹುಡುಗರ ತಲೆಗೆ ಕಟ್ಟುವುದು ನ್ಯಾಯವಾಗದು. ಹಾಗೆಂದು ಮಿದುಳಿಗೆ ತಾನು ಯಾವ ಆಟದಲ್ಲಿ ಪೆಟ್ಟು ತಿಂದೆ ಎಂಬ ಭೇದವೂ ಇಲ್ಲ.

ನಮ್ಮಲ್ಲೇ ನೋಡಿ ತಿಳಿಯುವ ದಾರಿ ಕರ್ನಾಟಕಕ್ಕೆ ತೆರೆದೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಡಾ. ಎಸ್.ಕೆ. ಶಂಕರ್ ಅದನ್ನು ಕಟ್ಟಿ ಬೆಳೆಸಿದರು. ಒಮಾಲು ಕಂಡ ಕಾಯಿಲೆಯನ್ನು ಖಚಿತವಾಗಿ ಗುರುತಿಸಲು ಇಂದಿಗೂ ಮರಣಾನಂತರದ ಪರೀಕ್ಷೆಯೊಂದೇ ದಾರಿ. ಕಣ್ಣು ದಾನ ಮಾಡುವುದರಲ್ಲಿ ಹಿಂದೆ ಬೀಳದ ನಮ್ಮ ಜಿಲ್ಲೆಯ ಹಿರಿಯ ಆಟಗಾರರೂ ಅವರ ಮನೆಯವರೂ ಇದರ ಬಗ್ಗೆಯೂ ಒಮ್ಮೆ ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ನನ್ನ ಕೋಣೆಗೆ ಬರುವವರು ಕಬಡ್ಡಿಯ ಕತೆ ಹೇಳಲು ಬಂದವರಾಗಿರುವುದಿಲ್ಲ. ಹೆಂಡತಿ ಹೇಳುತ್ತಾಳೆ, ಇವರು ಮೊದಲಿನ ಹಾಗಿಲ್ಲ ಡಾಕ್ಟ್ರೇ, ಸಣ್ಣ ಮಾತಿಗೂ ಸಿಟ್ಟು, ಮಕ್ಕಳ ಗಲಾಟೆ ತಡೆಯುವುದಿಲ್ಲ, ಅಂಗಡಿಗೆ ಹೋದರೆ ಏನು ತರಬೇಕೆಂದು ಮರೆಯುತ್ತಾರೆ. ತಾಯಿ ಹೇಳುತ್ತಾಳೆ, ಮಗ ಪುಸ್ತಕ ಹಿಡಿದರೆ ತಲೆನೋವು ಅಂತಾನೆ, ಸೋಮಾರಿತನವೋ ಏನೋ. ಹಳೆಯ ಪೆಟ್ಟಿನ ಮಾತು ನಾನು ಕೆದಕಿದ ಮೇಲೆ ಹೊರಗೆ ಬರುತ್ತದೆ. ಅವರೆಲ್ಲರ ತೊಂದರೆಗೆ ಕಬಡ್ಡಿಯೇ ಕಾರಣವೆಂದು ನಾನು ಹೇಳುವುದಿಲ್ಲ, ನಿದ್ದೆ, ಕುಡಿತ, ಖಿನ್ನತೆ ಎಲ್ಲವನ್ನೂ ನೋಡಬೇಕಾಗುತ್ತದೆ. ಆದರೆ ಆ ಪೆಟ್ಟುಗಳು ಎಲ್ಲಿಯೂ ಬರೆದಿಟ್ಟಿರುವುದಿಲ್ಲ ಎಂಬುದು ನನ್ನನ್ನು ಬಾಧಿಸುತ್ತದೆ. ಮೊಣಕಾಲಿನ ಗಾಯದ ತಾರೀಕು ನೆನಪಿರುವ ಆಟಗಾರನಿಗೆ ತಲೆಯ ಪೆಟ್ಟುಗಳ ಲೆಕ್ಕವೇ ಇಲ್ಲ.

ನಮ್ಮ ಪಂದ್ಯಾಟಗಳ ಕಾಲ ಪರೀಕ್ಷೆಗಳ ಕಾಲವೂ ಹೌದು. ಪಿ.ಯು.ಸಿ. ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಮೇಲಿನ ಸ್ಥಾನದಲ್ಲಿರುವುದು ನಮಗೆಲ್ಲ ಅಭಿಮಾನದ ವಿಷಯ. ಕನ್‌ಕಷನ್ ಆದ ವಿದ್ಯಾರ್ಥಿ ಓದಲಾರ, ಓದಿದ್ದು ನಿಲ್ಲದು. ಅವನಿಗೆ ಕೆಲವು ದಿನ ಪಾಠದಲ್ಲಿ, ಮೊಬೈಲಿನಲ್ಲಿ ಬಿಡುವು ಕೊಡುವುದು ಔಷಧಿಯಷ್ಟೇ ಮುಖ್ಯ. ಇದನ್ನು ಪಿ.ಟಿ. ಮಾಸ್ಟ್ರು ತರಗತಿಯ ಅಧ್ಯಾಪಕರಿಗೂ ಮನೆಗೂ ಹೇಳಬೇಕು. ಹುಡುಗಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದೇ ಬಗೆಯ ಆಟದಲ್ಲಿ ಹುಡುಗಿಯರಿಗೆ ಕನ್‌ಕಷನ್ ಆಗುವುದು ಹೆಚ್ಚು, ಚೇತರಿಕೆಯೂ ಕೆಲವರಲ್ಲಿ ತಡ ಎಂದು ಅಧ್ಯಯನಗಳು ಹೇಳುತ್ತವೆ. ಕತ್ತಿನ ಸ್ನಾಯುಗಳ ಬಲ ಇದಕ್ಕೆ ಒಂದು ಕಾರಣವಿರಬಹುದು. ಮಮತಾ ಪೂಜಾರಿಯವರ ತಾಲೂಕಿನಲ್ಲಿ ಅಂಕಣಕ್ಕಿಳಿಯುವ ಹುಡುಗಿಯರಿಗೆ ಕತ್ತಿನ ವ್ಯಾಯಾಮವನ್ನು ಕಾಲಿನ ವ್ಯಾಯಾಮದಷ್ಟೇ ಶ್ರದ್ಧೆಯಿಂದ ಕಲಿಸಿ.

ರಾತ್ರಿ ಒಂದು ಗಂಟೆಗೆ ಪಂದ್ಯ ಮುಗಿಸಿ ಬೈಕ್ ಏರುವ ಹುಡುಗರ ಬಗ್ಗೆ ಹೇಳದಿದ್ದರೆ ನನಗೆ ನೆಮ್ಮದಿಯಿಲ್ಲ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಬರೆದಿರುವಂತೆ ನಮ್ಮ ದೇಶದಲ್ಲಿ ಮಿದುಳಿಗೆ ಆಗುವ ಗಾಯಗಳಲ್ಲಿ ಸುಮಾರು ಶೇಕಡಾ 60 ರಸ್ತೆ ಅಪಘಾತದವು. ಪೆಟ್ಟು ತಿಂದ ಮಿದುಳಿಗೆ ಎದುರಿನ ಲಾರಿಯ ದೂರ ತಿಳಿಯುವುದೂ ಬ್ರೇಕಿನ ಮೇಲೆ ಕಾಲು ಹೋಗುವುದೂ ತಡ. ಗೆದ್ದ ಖುಷಿಗೆ ಕುಡಿದರೆ ಮಂಪರು ಹೆಂಡದ್ದೋ ರಕ್ತಸ್ರಾವದ್ದೋ ಎಂದು ಯಾರಿಗೂ ಗೊತ್ತಾಗದು. ಆ ರಾತ್ರಿ ಪೆಟ್ಟು ತಿಂದವನು ಗಾಡಿ ಬಿಡಬಾರದು, ಕುಡಿಯಬಾರದು, ಒಬ್ಬನೇ ಮಲಗಬಾರದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು, ಕೆಲವು ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ.

ಅಭ್ಯಾಸದ ಮಾತೂ ಇದೆ. ಅಮೆರಿಕದ ಫುಟ್‌ಬಾಲ್ ಲೀಗ್ 2011ರ ಒಪ್ಪಂದದಲ್ಲಿ ಇಡೀ ಋತುವಿಗೆ ಪೂರ್ಣ ಬಲದ ಅಭ್ಯಾಸಗಳನ್ನು 14ಕ್ಕೆ ಮಿತಿಗೊಳಿಸಿತು. ನಮ್ಮ ತರಬೇತುದಾರರು ಡ್ಯಾಶನ್ನು ಪ್ಯಾಡಿನ ಮೇಲೆ ಕಲಿಸಬಹುದು. ಇಬ್ಬರು ಒಟ್ಟಿಗೆ ನುಗ್ಗುವಾಗ ಯಾರು ಕೂಗಬೇಕು, ಯಾರು ನಿಲ್ಲಬೇಕು ಎಂಬುದನ್ನು ಪಾಠ ಮಾಡಬಹುದು. ಕಾಲು ಹಿಡಿಯುವಾಗ ತಲೆಯನ್ನು ದಾಳಿಗಾರನ ಹೊರಬದಿಗೆ ಇಡುವುದನ್ನು ಚಿಕ್ಕಂದಿನಲ್ಲೇ ರೂಢಿ ಮಾಡಿಸಬಹುದು. ಒಳ್ಳೆಯ ಹಿಡಿತಗಾರರು ಇದನ್ನು ಹೇಗೂ ಮಾಡುತ್ತಾರೆ, ಇದರಿಂದ ಹಿಡಿತವೂ ಗಟ್ಟಿಯಾಗುತ್ತದೆ.

ಸಂಘಟಕರಲ್ಲಿ ನನ್ನ ಬೇಡಿಕೆ ಸಣ್ಣದು. ಈ ಸಲದ ಆಮಂತ್ರಣ ಪತ್ರಿಕೆಯಲ್ಲಿ ಬಹುಮಾನಗಳ ಪಟ್ಟಿಯ ಕೆಳಗೆ ನಿಯಮಗಳನ್ನು ಅಚ್ಚು ಹಾಕಿಸುತ್ತೀರಲ್ಲ, ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ: ತಲೆಗೆ ಪೆಟ್ಟಾದವರ ವಿಷಯದಲ್ಲಿ ವೈದ್ಯರ ತೀರ್ಮಾನವೇ ಅಂತಿಮ. ಆ ವೈದ್ಯರಿಗೆ ವೇದಿಕೆಯ ಮೇಲಲ್ಲ, ಔಟಾದವರು ಕೂರುವಲ್ಲಿ ಒಂದು ಕುರ್ಚಿ ಹಾಕಿ. ವೈದ್ಯರು ಸಿಗದ ಊರಿನಲ್ಲಿ ನರ್ಸ್ ಇರಲಿ, ತರಬೇತಿ ಪಡೆದ ದೈಹಿಕ ಶಿಕ್ಷಣ ಶಿಕ್ಷಕರಿರಲಿ, ಆಡುವ ಎರಡೂ ತಂಡಗಳಿಗೆ ಸೇರದವರಾಗಿದ್ದರೆ ಸಾಕು. ಈ ಜಿಲ್ಲೆಯ ಯಾವ ಯುವಕ ಮಂಡಲ ಕರೆದರೂ ಅಂಥವರಿಗೆ ಒಂದು ಸಂಜೆ ಕೂತು ತರಬೇತಿ ಕೊಡಲು ನಾನು ಬರುತ್ತೇನೆ, ನನ್ನ ಜೊತೆ ಬರಲು ಕಿರಿಯ ವೈದ್ಯರೂ ಒಪ್ಪಿದ್ದಾರೆ. ಇಲ್ಲಿ ಕೂತಿರುವ ಮಾಸ್ಟ್ರುಗಳು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಂಡು ದಿನ ಗೊತ್ತುಮಾಡಿ.